ಅಳು ಕೇಳಿಸದ ಕೋಣೆ

ಹಾಲು ತರುತ್ತೇನೆಂದು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದ ಅತ್ತೆ, ಮನೆಯ ದಾರಿಯನ್ನೇ ಮರೆತರು. ಒಳಗೆ ಎರಡೂವರೆ ವರ್ಷದ ಮೊಮ್ಮಗಳಿದ್ದಾಳೆ ಎಂಬುದನ್ನೂ ಮರೆತರು. ಸಂಜೆ ಸೊಸೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ತನ್ನ ಕೀಲಿಯಿಂದ ಬೀಗ ತೆಗೆದಾಗ ಮಗು ಬಾಗಿಲ ಸಂದಿಯಲ್ಲೇ ಮುದುಡಿ ನಿದ್ದೆಹೋಗಿತ್ತು. ಅತ್ತೂ ಅತ್ತೂ ಗಂಟಲು ಕಟ್ಟಿಹೋಗಿತ್ತು. ಕತ್ತಲಾಗುವ ಹೊತ್ತಿಗೆ ಹಾಲಿನ ಅಂಗಡಿಯವನು ಅತ್ತೆಯನ್ನು ಕೈಹಿಡಿದು ಕರೆತಂದ.

"ಏನೋ ಒಂದ್ಸಲ ಮರೆತೆ ಅಂತ ನನ್ನ ಮೊಮ್ಮಗಳನ್ನ ಕಂಡೋರ ಕೈಗೆ ಹಾಕ್ತೀಯೇನೇ?" ಎಂದು, ಸೊಸೆ ಡೇ ಕೇರ್ ಮಾತೆತ್ತಿದಾಗ ಅತ್ತೆ ಅತ್ತರು.

ಒಂದು ಸಲ ಅಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗಂಡ ಲಾರಿ ಡ್ರೈವರ್. ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. "ಎಲ್ಲಾದ್ರೂ ಒಳ್ಳೆ ಡೇ ಕೇರ್ ನೋಡು. ನೀನು ನೋಡಿದ್ರೆ ನಾನು ನೋಡಿದ ಹಾಗೇ," ಎಂದು ಫೋನಿನಲ್ಲೇ ಭಾರವನ್ನೆಲ್ಲ ಅವಳ ಹೆಗಲಿಗೆ ದಾಟಿಸಿದ. ಆಮೇಲೆ ಅವಳನ್ನು ನಗಿಸಲೆಂದು, "ಮೊದಲೇ ಹೇಳ್ಬಿಡು ಅವರಿಗೆ, ನಮ್ಮ ಗುಬ್ಬಿ ಬಾಯಿ ತೆಗೆದ್ರೆ ನನ್ನ ಲಾರಿ ಹಾರನ್ನೂ ನಾಚ್ಕೊಳ್ಳುತ್ತೆ ಅಂತ," ಎಂದ.

ಅವಳು ರಜೆ ಹಾಕಿ, ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಮೊದಲು ಹೋದ ಕಡೆ ಗೋಡೆ ತುಂಬ ಆನೆ, ಜಿರಾಫೆ. ನೆಲ ಮುಖ ನೋಡಿಕೊಳ್ಳುವಷ್ಟು ಚೊಕ್ಕ. ಗುಬ್ಬಿ ಆಗಲೇ ಜಾರುಬಂಡಿ ಹತ್ತಿದ್ದಳು.

"ಮಾತಾಡ್ತಾಳಾ?" ಎಂದು ಕೇಳಿದರು ಅಲ್ಲಿಯ ಮೇಡಂ.

"ಅಮ್ಮ, ಅಜ್ಜಿ, ಬೇಡ... ಇಷ್ಟು ಬರುತ್ತೆ."

"ಹಾಗಾದ್ರೆ ಕಷ್ಟ. ಸರಿಯಾಗಿ ಮಾತು ಬಂದ ಮೇಲೆ ಕರ್ಕೊಂಡು ಬನ್ನಿ." ಜಾರುಬಂಡಿಯಿಂದ ಇಳಿಸುವಷ್ಟರಲ್ಲಿ ಗುಬ್ಬಿ ರಂಪ ಮಾಡಿಬಿಟ್ಟಳು. ಮೇಡಂ ನಗುತ್ತಲೇ ಬಾಗಿಲು ತೆರೆದು ಹಿಡಿದರು.

ಇನ್ನೊಂದು ಕಡೆ, ನಿವೃತ್ತ ಟೀಚರೊಬ್ಬರ ಮನೆ. ಹಜಾರದಲ್ಲಿ ನಾಲ್ಕಾರು ಮಕ್ಕಳು ಪಾತ್ರೆ ಬಡಿಯುತ್ತ ಕಿವಿ ತೂತಾಗುವಂತೆ ಗಲಾಟೆ ಮಾಡುತ್ತಿದ್ದವು. ಟೀಚರಮ್ಮ ಕೈ ಚಾಚಿದ್ದೇ ತಡ, ಯಾರ ಹತ್ತಿರವೂ ಹೋಗದ ಗುಬ್ಬಿ ಅವರ ಮಡಿಲಲ್ಲಿ ಹೋಗಿ ಕೂತಳು. ತಾಯಿಗೆ ಹೋದ ಜೀವ ಬಂದಂತಾಯಿತು.

"ನೀವು ಇನ್ನೊಂದು ವರ್ಷ ಮೊದಲು ಬರಬೇಕಿತ್ತು ಕಣಮ್ಮ," ಎಂದರು ಟೀಚರಮ್ಮ, ಗುಬ್ಬಿಯ ಕೂದಲು ನೇವರಿಸುತ್ತಲೇ. "ನನ್ನ ಕಣ್ಣು ಪೂರ್ತಿ ಹೋಗ್ತಾ ಇದೆ. ಈ ತಿಂಗಳಿಗೆ ಮುಚ್ತಿದ್ದೀನಿ."

ಕೊನೆಗೆ ಉಳಿದದ್ದು ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಟೈರ್ ಅಂಗಡಿಯ ಮಹಡಿ ಮೇಲಿನದು. ಪರದೆ ಎಳೆದ ಕೋಣೆ, ಸದ್ದಿಲ್ಲದೆ ಓಡುವ ಟಿವಿ, ಗೋಡೆಗೆ ಒರಗಿ ಸಾಲಾಗಿ ಕೂತ ಮಕ್ಕಳು.

"ನಮ್ಮಲ್ಲಿ ಒಂದು ಮಗೂನೂ ಅಳಲ್ಲ, ನೋಡಿ," ಎಂದಳು ನೋಡಿಕೊಳ್ಳುವ ಆಂಟಿ, ಹೆಮ್ಮೆಯಿಂದ.

ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವುದೇ ಗುಬ್ಬಿಯ ತಾಯಿಯ ಕೆಲಸ. ಸೂಜಿ ಕಂಡೊಡನೆ ಮಕ್ಕಳು ಆಕಾಶ ಭೂಮಿ ಒಂದು ಮಾಡುತ್ತವೆ. ಸುಮ್ಮನೆ ತೋಳು ಚಾಚುವುದು ಬಹಳ ದಿನದಿಂದ ವಾರ್ಡಿನಲ್ಲಿರುವ ಮಕ್ಕಳು ಮಾತ್ರ. ಅತ್ತು ಪ್ರಯೋಜನವಿಲ್ಲ ಎಂದು ಅವಕ್ಕೆ ಗೊತ್ತಾಗಿರುತ್ತದೆ.

ಆದರೆ ರಜೆ ಮುಗಿದಿತ್ತು. ಗುಬ್ಬಿಯನ್ನು ಅಲ್ಲೇ ಬಿಟ್ಟಳು.

ಮೊದಮೊದಲು ಗುಬ್ಬಿಯ ಕೂಗು ರಸ್ತೆಯ ತುದಿಯವರೆಗೂ ಕೇಳುತ್ತಿತ್ತು. ತಾಯಿ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಒಂದು ಬೆಳಿಗ್ಗೆ ಕೂಗು ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ.

"ಹೊಂದಿಕೊಂಡ್ಲು ಬಿಡು," ಎಂದ ಗಂಡ.

ಅವಳು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೇಳದೆ ಕೇಳದೆ ಮೆಟ್ಟಿಲು ಹತ್ತಿದಳು. ಗುಬ್ಬಿ ಸಾಲಿನಲ್ಲಿ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಅಮ್ಮನನ್ನು ಕಂಡಳು. ಕಣ್ಣು ಅರಳಿತು. ಆದರೆ ಎದ್ದು ಬರಲಿಲ್ಲ; ಮೊದಲು ತಿರುಗಿ ಆಂಟಿಯ ಮುಖ ನೋಡಿದಳು.

ಮಗುವನ್ನು ಬಾಚಿ ಎತ್ತಿಕೊಂಡು ಸೀದಾ ಮನೆಗೆ ಬಂದಳು. ಆ ದಿನ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮೇಲ್ವಿಚಾರಕರು ಫೋನ್ ಮಾಡಿ, "ಇನ್ನೊಂದು ಸಲ ಹೀಗೆ ಮಾಡಿದ್ರೆ ಬರೋದೇ ಬೇಡಮ್ಮ," ಎಂದರು. ಗಂಡನ ಫೋನ್ ಸಿಗಲಿಲ್ಲ.

ಮನೆಯಲ್ಲಿ ಅವಳು ಗುಬ್ಬಿಯ ಮುಂದೆ ಪಾತ್ರೆಗಳನ್ನೆಲ್ಲ ಸುರುವಿ, "ಬಡಿ ಪುಟ್ಟಾ, ಎಷ್ಟು ಬೇಕಾದ್ರೂ ಬಡಿ," ಎಂದಳು. ಗುಬ್ಬಿ ಗೋಡೆಗೆ ಒರಗಿ ಕೂತು ಅಮ್ಮನನ್ನೇ ನೋಡಿದಳು.

ಅತ್ತೆ ಹತ್ತಿರ ಬಂದು ಬಗ್ಗಿ ಮಗುವಿನ ಗಲ್ಲ ಮುಟ್ಟಿದರು. "ಯಾರ ಮಗೂನೇ ಇದು? ಎಷ್ಟು ಸಾಧು! ನಮ್ಮ ಗುಬ್ಬಿ ಆಗಿದ್ರೆ ಇಷ್ಟೊತ್ತಿಗೆ ಮನೆ ತಲೆ ಮೇಲೆ ಹೊತ್ಕೊಂಡಿರೋಳು."

"ಇದು ಗುಬ್ಬೀನೇ ಅತ್ತೆ."

"ತಮಾಷೆ ಮಾಡ್ಬೇಡ," ಎಂದು ಅತ್ತೆ ಮೊಮ್ಮಗಳನ್ನು ಹುಡುಕಿಕೊಂಡು ಅಡಿಗೆಮನೆಗೆ ಹೋದರು.

ಸಂಬಳವಿಲ್ಲದ ರಜೆ ಬೇಡಿ ಪಡೆದು ಮತ್ತೆರಡು ದಿನ ಅವಳು ಬೀದಿ ಬೀದಿ ಸುತ್ತಿದಳು. ಕಂಡಲ್ಲೆಲ್ಲ ಕೇಳಿದಳು. ಎಲ್ಲೂ ಜಾಗವಿರಲಿಲ್ಲ, ಇದ್ದಲ್ಲಿ ಮಾತು ಬಾರದ ಮಗು ಬೇಡವಾಗಿತ್ತು. ಸೋಮವಾರ ಬೆಳಿಗ್ಗೆ ಟೈರ್ ಅಂಗಡಿಯ ಮುಂದೆ ಬಂದು ನಿಂತಾಗ ಮಗುವನ್ನು ಕೆಳಗಿಳಿಸಲು ತೋಳುಗಳು ಒಪ್ಪಲಿಲ್ಲ. ಗುಬ್ಬಿಯೇ ಜಾರಿ ಇಳಿದಳು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಹಿಂತಿರುಗಿ ನೋಡದೆ ಹತ್ತಿಹೋದಳು.