ಡ್ರಿಲ್ ಮಾಸ್ತರರ ಅರುವತ್ತು ಹೆಜ್ಜೆ

ಬೋವಿಕಾನದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿದ ಪ್ರೇಮನಾಥ ಮಾಸ್ತರರ ಮಾತನ್ನು ಈಗ ಅವರ ಕಾಲೇ ಕೇಳುತ್ತಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ. ಬಾಗಿಲು, ತಿರುವು, ಇಕ್ಕಟ್ಟು ಸಿಕ್ಕಿದರೆ ಸಾಕು, ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಆಗ ಮಾಸ್ತರರು ಮುಖ ಮೇಲೆತ್ತಿ ಅಂಗಳದ ಹಲಸಿನ ಮರ ನೋಡುತ್ತಿದ್ದರು. ಕಂಡವರು, ಕಾಯಿ ಎಣಿಸುತ್ತಿದ್ದಾರೆ ಅಂದುಕೊಳ್ಳಬೇಕು. ಮರದಲ್ಲಿ ಒಂದು ಕಾಯಿಯೂ ಇಲ್ಲದ ತಿಂಗಳಲ್ಲೂ ಎಣಿಸುತ್ತಿದ್ದರು.

ಹೋದ ವರ್ಷ ಮಂಗಳೂರಿನ ಆಸ್ಪತ್ರೆಯಲ್ಲಿ ಮಿದುಳಿಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬೆಂಕಿಪೆಟ್ಟಿಗೆಯಂಥ ಯಂತ್ರ ಇಟ್ಟಿದ್ದರು. ಅದರ ಕರೆಂಟಿಗೆ ಕೈನಡುಕ ನಿಂತಿತು. ಕಾಲು ಮಾತ್ರ ಹಳೇ ಹಟದಲ್ಲೇ ಇತ್ತು. ಜೂನಿನಲ್ಲಿ ಶಾಲೆಯಿಂದ ಕರೆ ಬಂತು: ಆಗಸ್ಟ್ ಹದಿನೈದಕ್ಕೆ ನೀವೇ ಧ್ವಜ ಹಾರಿಸಬೇಕು. ಗೇಟಿನಿಂದ ಕಂಬಕ್ಕೆ ಅರುವತ್ತು ಹೆಜ್ಜೆ. ಗಾಲಿಕುರ್ಚಿ ತರಿಸುತ್ತೇವೆ ಅಂದರು.

"ಕುರ್ಚಿಯಲ್ಲಿ ಕೂತು ಬರುವುದಾದರೆ ನಾನು ಬರುವುದೇ ಇಲ್ಲ" ಎಂದರು ಮಾಸ್ತರರು.

ಮಂಗಳೂರಿನ ಆಸ್ಪತ್ರೆಯ ಡಾಕ್ಟರ್ ದೀಪ್ತಿ ನಡಿಗೆಯ ಲೆಕ್ಕ ಇಡುವ ಎರಡು ಪಟ್ಟಿ ಕೊಟ್ಟರು. "ಒಂದು ವಾರ ಇದನ್ನು ಕಾಲಿಗೆ ಕಟ್ಟಿಕೊಳ್ಳಿ ಮಾಸ್ಟ್ರೆ. ನೀವು ಹೇಗೆ ನಡೆಯುವುದು, ಯಾವಾಗ ನಿಲ್ಲುವುದು, ಎಲ್ಲ ಬರ್ತದೆ. ಒಬ್ಬರಿಗೆ ಹಿಡಿಸಿದ ಕರೆಂಟು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ನಿಮ್ಮ ನಡಿಗೆ ನೋಡಿಯೇ ನಿಮ್ಮದನ್ನು ಕೂರಿಸಬೇಕು."

ಮಾಸ್ತರರಿಗೆ ಹಳೆಯದೊಂದು ನೆನಪಾಯಿತು. ತಪಾಸಣೆಗೆ ಮೇಲಿನವರು ಬರುವ ದಿನ, ಹೆಜ್ಜೆ ತಪ್ಪುವ ಮಕ್ಕಳನ್ನೆಲ್ಲ ನೀರು ತರಲು ಕಳಿಸಿ, ಸರಿ ನಡೆಯುವವರನ್ನು ಮಾತ್ರ ಸಾಲಿನಲ್ಲಿ ನಿಲ್ಲಿಸುವುದು ಅವರ ಕ್ರಮವಾಗಿತ್ತು. ಮನೆಗೆ ಬಂದವರೇ ಪಟ್ಟಿಯನ್ನು ಹೆಂಡತಿ ಪುಷ್ಪಾವತಿಯ ಮುಂದೆ ಹಿಡಿದರು.

"ನೀನು ಕಟ್ಟಿಕೋ."

"ನನಗೆ ಎಂತ ಕಾಯಿಲೆ ಉಂಟು?"

"ಇಲ್ಲ, ಅದಕ್ಕೇ."

ವಾರ ಕಳೆದು ದೀಪ್ತಿ ಕಂಪ್ಯೂಟರ್ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಮಾಸ್ಟ್ರೆ, ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ! ಬೆಳಿಗ್ಗೆ ಐದಕ್ಕೇ ಶುರು. ಹತ್ತು ನಿಮಿಷ ಕೂತದ್ದಿಲ್ಲ. ಎಂತ ಮಾಡ್ತೀರಿ ಮನೆಯಲ್ಲಿ?"

"ಹೀಗೇ... ಸ್ವಲ್ಪ ಓಡಾಟ."

"ಈಗ ಆ ಬಾಗಿಲಿನಿಂದ ಈ ಕುರ್ಚಿಗೆ ಬರ್ಲಿಕ್ಕೆ ಐದು ನಿಮಿಷ ಬೇಕಾಯ್ತಲ್ಲ?"

ಮಾಸ್ತರರು ಮೇಲೆ ನೋಡಿದರು. ಅಲ್ಲಿ ಹಲಸಿನ ಮರ ಇರಲಿಲ್ಲ, ಫ್ಯಾನ್ ಇತ್ತು.

"ಅದು ನನ್ನ ನಡಿಗೆ ಡಾಕ್ಟ್ರೆ" ಎಂದಳು ಪುಷ್ಪಾವತಿ. "ಇಷ್ಟು ಉಂಟೂಂತ ನನಗೂ ಗೊತ್ತಿರಲಿಲ್ಲ. ಒಂದು ಕಾಗದದಲ್ಲಿ ಬರೆದು ಕೊಡಿ, ಇವರಿಗೆ ಓದ್ಲಿಕ್ಕೆ."

ದೀಪ್ತಿ ನಗಲಿಲ್ಲ. "ಇದನ್ನು ನಂಬಿ ಕರೆಂಟು ಕೂರಿಸಿದ್ದರೆ ಅರುವತ್ತಲ್ಲ, ಆರು ಹೆಜ್ಜೆಯೂ ಆಗ್ತಿರಲಿಲ್ಲ. ನನಗೆ ನಿಮ್ಮ ಕೆಟ್ಟ ನಡಿಗೆಯೇ ಬೇಕು ಮಾಸ್ಟ್ರೆ."

ಎರಡನೇ ವಾರ ಮಾಸ್ತರರೇ ಕಟ್ಟಿಕೊಂಡರು. ಎಲ್ಲಿ ಕಾಲು ನಿಂತಿತೆಂದು ಪುಷ್ಪಾವತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು.

"ಅಡುಗೆಮನೆ ಬಾಗಿಲಲ್ಲಿ ಜಾಸ್ತಿ ನಿಂತದ್ದು ಅಲ್ವಾ?" ಎಂದು ದೀಪ್ತಿ ಆ ಗುರುತು ನೋಡಿ ಕೇಳಿದರು.

"ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಡಾಕ್ಟ್ರೆ" ಎಂದಳು ಪುಷ್ಪಾವತಿ. "ಮದುವೆಯಾದಂದಿನಿಂದ ಇವರು ಅಲ್ಲಿಂದ ಒಳಗೆ ಬಂದವರಲ್ಲ."

ಆಮೇಲೆ ಐದಾರು ಸಲ ಮಂಗಳೂರಿಗೆ ಬಸ್ಸು. ದೀಪ್ತಿ ಕರೆಂಟು ಚೂರು ಏರಿಸುವುದು, ಚೂರು ಇಳಿಸುವುದು, ಮಾಸ್ತರರನ್ನು ವರಾಂಡದಲ್ಲಿ ನಡೆಸುವುದು. ಒಂದರಲ್ಲಿ ಹೆಜ್ಜೆ ಉದ್ದವಾಯಿತು, ತಿರುಗುವಾಗ ವಾಲಿತು. ಇನ್ನೊಂದರಲ್ಲಿ ನಾಲಗೆ ತೊದಲಿತು. ಆಗಸ್ಟ್ ಮೊದಲ ವಾರ ಒಂದು ಸರಿಯಾಗಿ ಕೂತಿತು.

ಹದಿನೈದರಂದು ಮಾಸ್ತರರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ರಸ್ತೆಯಿಂದ ಚೆನ್ನಾಗಿಯೇ ನಡೆದು ಬಂದರು. ಶಾಲೆಯ ಗೇಟಿನ ಇಕ್ಕಟ್ಟಿನಲ್ಲಿ ಕಾಲು ನಿಂತಿತು. ಮಕ್ಕಳು ಸಾಲಾಗಿ ನೋಡುತ್ತಿದ್ದಾರೆ. ಪಕ್ಕದಲ್ಲಿ ಹಲಸಿನ ಮರವೂ ಇತ್ತು. ಕುತ್ತಿಗೆ ಅಭ್ಯಾಸದಿಂದ ಮೇಲೆದ್ದು, ಮತ್ತೆ ಇಳಿಯಿತು.

"ಕಾಲು ನಿಂತಿದೆ ಮಕ್ಕಳೇ!" ಎಂದು ಡ್ರಿಲ್ಲಿನ ದನಿಯಲ್ಲೇ ಕೂಗಿದರು. "ಸ್ವಲ್ಪ ತಡೀರಿ, ಬರ್ತದೆ."

ಹಿಂದಿನಿಂದ ಪುಷ್ಪಾವತಿ ಮೆಲ್ಲಗೆ "ಲೆಫ್ಟ್" ಎಂದಳು.

ಕಾಲು ಬಂತು. ಅರುವತ್ತರ ಬದಲು ಅರುವತ್ತೆಂಟಾಯಿತು. ಧ್ವಜ ಹಾರಿತು.

ಮನೆಗೆ ಬಂದಾಗ ಬಾಯಾರಿತ್ತು. ನೀರು ತಾ ಎಂದು ಕೂಗಲು ಬಾಯಿ ತೆರೆದ ಮಾಸ್ತರರು ಹದಿನಾಲ್ಕು ಸಾವಿರ ನೆನಪಾಗಿ ಮುಚ್ಚಿಕೊಂಡರು. ಎದ್ದು, ನಡೆದು, ಹೊಸ್ತಿಲು ದಾಟಿ, ಅಡುಗೆಮನೆಯ ನಡುವೆ ನಿಂತರು.

"ಎಂತ, ಕಾಲು ನಿಂತಿತಾ?" ಎಂದಳು ಪುಷ್ಪಾವತಿ.

"ಇಲ್ಲ ಮಾರಾಯ್ತಿ. ಲೋಟ ಎಲ್ಲಿ ಇಡುವುದು ನೀನು?"