ಮೈದುನನಿಗೆ ಹುರಿದ ಮುಗಾ

ಸೋಮ್ ಮರದ ಕೆಳಗೆ ಉದುರಿದ್ದ ಹುಳಗಳನ್ನು ರೂಪೇಶ್ವರಿ ಬಿದಿರುಕಡ್ಡಿಯಿಂದ ಬುಟ್ಟಿಗೆ ತಳ್ಳುತ್ತಿದ್ದಳು. ಹೋದ ವಾರದವರೆಗೂ ಹೆಬ್ಬೆರಳಿನಷ್ಟು ದಪ್ಪಗೆ, ಎಳೆ ಎಲೆಯ ಬಣ್ಣದಲ್ಲಿ ಮಿರುಗುತ್ತಿದ್ದ ಮುಗಾ ರೇಷ್ಮೆಹುಳಗಳು ಈಗ ಕಪ್ಪಾಗಿ, ಬಾಯಿಂದ ಹಸಿರು ಲೋಳೆ ಕಾರಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ರೆಂಬೆಯಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದವು. ಕಡ್ಡಿ ತಾಗಿದರೆ ಸಾಕು, ಚರ್ಮ ಒಡೆದು ಒಳಗಿನದೆಲ್ಲ ಅವಳ ಮುಂಗೈ ಮೇಲೆ ಸುರಿಯುತ್ತಿತ್ತು. ಕೊಳೆತ ಮೀನಿನಂಥ ನಾತ. ಮೂಗು ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯೂ ಅದರಲ್ಲೇ ಅದ್ದಿದ್ದವು.

ಬೇಲಿಯಾಚೆ ಮೈದುನ ದಂಬರುವಿನ ಚಹಾ ಗಿಡಗಳು ಒಂದು ಎಲೆಯೂ ಬಾಡದೆ ಕೊಬ್ಬಿ ನಿಂತಿದ್ದವು. ಅಪ್ಪನ ತೋಪು ಪಾಲಾದಾಗ ಅಣ್ಣ, ರೂಪೇಶ್ವರಿಯ ಗಂಡ ತಿಲೇಶ್ವರ, ಮರಗಳನ್ನು ಉಳಿಸಿಕೊಂಡ. ತಮ್ಮ ಕಡಿದು ಚಹಾ ಹಾಕಿದ. ಹುಳ ಮರದ ಮೇಲಿರುವಾಗ ಬೇಲಿ ಪಕ್ಕದಲ್ಲಿ ಔಷಧಿ ಹೊಡೆಯಬಾರದೆಂಬುದು ಊರಿನ ಕಟ್ಟು. ಕಟ್ಟು ಮಾಡಿದವರಲ್ಲಿ ದಂಬರುವೂ ಒಬ್ಬ.

ಆದರೆ ಈ ಸಾವಿಗೆ ಸೊಸೆ ಜುರಿಯೇ ಕಾರಣ ಎಂದು ಮೊದಲು ನಾಲಿಗೆ ಹರಿಯಬಿಟ್ಟವಳು ರೂಪೇಶ್ವರಿಯೇ. ಮಗ ಜ್ವರ ಬಂದು ಮಲಗಿದ್ದ ದಿನ, ಕಾವಲಿಗೆ ಯಾರೂ ಇಲ್ಲದ ಹೊತ್ತಿನಲ್ಲಿ, ಹುಳಗಳ ಮೇಲೆ ಕಾಗೆಗಳು ಎರಗಿದ್ದವು. ಜುರಿ ಮುಟ್ಟಾಗಿ ಹೊರಗೆ ಕೂತಿದ್ದವಳು, ಕೋಲು ಹಿಡಿದು ತೋಪಿಗೆ ಓಡಿದ್ದಳು. ಸ್ನಾನ ಮಾಡಿ ಮಡಿಬಟ್ಟೆ ಉಡದೆ ಗಂಡಸರೇ ಕಾಲಿಡದ ಜಾಗ ಅದು. ಸಂಜೆ ಅವಳೇ ಬಂದು ಹೇಳಿದಳು. ಕದ್ದು ಮುಚ್ಚುವ ಬುದ್ಧಿ ಆ ಹುಡುಗಿಗಿಲ್ಲ. ಹುಳ ಸಾಯತೊಡಗಿದ ಮೇಲೆ ತಿಲೇಶ್ವರ ತೀರ್ಮಾನ ಮಾಡಿದ: ನಾಳೆ ಅವಳು ಊರಿನ ಪ್ರಾರ್ಥನಾ ಮಂದಿರವಾದ ನಾಮಘರದಲ್ಲಿ ಊರವರ ಮುಂದೆ ಮೊಣಕಾಲೂರಿ ತಪ್ಪಾಯಿತೆನ್ನಬೇಕು, ಮುಂದಿನ ಬೆಳೆಯವರೆಗೆ ತವರಿನಲ್ಲಿರಬೇಕು. ಹಾಗೆ ತವರಿಗೆ ಹೋದ ಸೊಸೆಯರಲ್ಲಿ ಕೆಲವರು ತಿರುಗಿ ಬಂದೇ ಇರಲಿಲ್ಲ. ಜುರಿ ಬಟ್ಟೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು.

ರೂಪೇಶ್ವರಿ ಕೆರೆಯಲ್ಲಿ ಕೈ ಉಜ್ಜಿ ಉಜ್ಜಿ ತೊಳೆದು ಹಿತ್ತಲಿಗೆ ಬಂದಾಗ ಜುರಿ ತಟ್ಟೆಗಳಲ್ಲಿ ಹರಳೆಲೆ ಹರಡುತ್ತಿದ್ದಳು. ಎರಿ ಹುಳಗಳು ಸರಸರ ಮೇಯುತ್ತಿದ್ದವು. ಎರಿ ಎಂದರೆ ಮುಗಾದ ದಾಯಾದಿ. ಮರವೇರುವ ಭಾಗ್ಯವಿಲ್ಲದೆ ಮನೆಯೊಳಗೇ ಬೆಳೆಯುವ ಬಡ ನೆಂಟ.

"ಆ ದಿನಗಳಲ್ಲೂ ಇವಕ್ಕೆ ನೀನೇ ಎಲೆ ಹಾಕ್ತಿದ್ಯಾ?"

"ಇನ್ಯಾರು ಹಾಕ್ತಾರೆ ಅತ್ತೆ? ನೀವೆಲ್ಲ ತೋಪಲ್ಲಿದ್ರಿ."

"ಒಂದೂ ಸಾಯ್ಲಿಲ್ವಾ?"

"ತಿಂದು ತಿಂದು ಕೊಬ್ಬಿವೆ." ಜುರಿ ತಲೆ ಎತ್ತಲಿಲ್ಲ. "ಕಾಗೆ ಬಿದ್ದಿದ್ದು ಕೆರೆ ಕಡೆ ಮರಕ್ಕೆ. ನಾನು ಓಡಿದ್ದೂ ಅಲ್ಲಿಗೇ. ಅಲ್ಲಿನ ಹುಳ ಚೆನ್ನಾಗಿಯೇ ಇವೆಯಲ್ಲ."

ರೂಪೇಶ್ವರಿ ಅದನ್ನು ನೋಡಿದ್ದಳು. ಬೇಲಿ ಸಾಲಿನ ಎಲೆಗಳ ಔಷಧಿ ವಾಸನೆಯೂ ಅವಳಿಗೆ ಗೊತ್ತಿತ್ತು. ತಿಲೇಶ್ವರನಿಗೂ ಗೊತ್ತಿತ್ತು. ಸೊಸೆಯನ್ನು ಬಿಟ್ಟು ಬದುಕಬಹುದು, ತಮ್ಮನ ಕೂಡ ಜಗಳ ಕಟ್ಟಿಕೊಂಡು ಈ ಊರಲ್ಲಿ ಬದುಕಲಾಗದು, ಇಷ್ಟೇ ಲೆಕ್ಕ. ಆ ಹಸಿರು ಲೋಳೆ ತನ್ನ ನಾಲಿಗೆಯ ಮೇಲೇ ಕೂತಂತಾಗಿ ಅವಳು ಪಕ್ಕಕ್ಕೆ ತಿರುಗಿ ಉಗಿದಳು. ತನ್ನ ಮೇಲೇ ಅಷ್ಟು ಹೇಸಿಗೆ ಅವಳಿಗೆ ಎಂದೂ ಆಗಿರಲಿಲ್ಲ.

ಮಧ್ಯಾಹ್ನ ದಂಬರು ಬಂದ. ಒಗೆದ ಅಂಗಿ, ತಲೆಗೆ ಘಮಘಮ ಎಣ್ಣೆ. ಅಣ್ಣನ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತ.

"ಅತ್ತಿಗೆ, ಬೆಳೆ ಹೋಯ್ತು ಅಂತ ಮೈದುನನ ಪಾಲೂ ಹೋಗ್ಬಾರ್ದು. ನನ್ನ ಹುರಿದ ಮುಗಾ ಎಲ್ಲಿ?"

ಪ್ರತಿ ಬೆಳೆಗೂ ಗೂಡಿನೊಳಗಿನ ಕೋಶದ ಹುಳ ಹುರಿದು ಅವನಿಗೊಂದು ಬಟ್ಟಲು ಕಳಿಸುವುದು ಆ ಮನೆಯ ರೂಢಿ. ಎರಿಯದು ಕೊಟ್ಟರೆ ಮೂಗು ಮುರಿಯುವ ಆಸಾಮಿ, ಮುಗಾದ್ದಾದರೆ ಬಟ್ಟಲು ನೆಕ್ಕುತ್ತಿದ್ದ.

"ಜುರಿನ ನಾಳೆ ಬೇಗ ಕರ್ಕೊಂಡು ಬಾ ಅಣ್ಣ," ಎಂದ ದಂಬರು. "ಮೈಲಿಗೆ ಅನ್ನೋದು ಬೆಂಕಿ ಇದ್ದ ಹಾಗೆ. ಹುಡುಗಿಗೆ ತಿಳೀಲಿಲ್ಲ, ಪಾಪ."

ತಿಲೇಶ್ವರ ನೆಲ ನೋಡುತ್ತ ತಲೆಯಾಡಿಸಿದ.

ರೂಪೇಶ್ವರಿ ಒಳಗೆ ಹೋಗಿ, ಗೂಡು ಕಟ್ಟಲು ಹುಳ ಬಿಟ್ಟಿದ್ದ ಒಣಗಿದೆಲೆಯ ಕಟ್ಟೊಂದನ್ನು ಸೂರಿನಿಂದ ಇಳಿಸಿದಳು. ಬೇಲಿ ಸಾಲಿನ ಹುಳಗಳಲ್ಲಿ ಮೊದಲೇ ಬಲಿತು ಮರದಿಂದ ಇಳಿದ ಕೆಲವು ಅದರಲ್ಲಿ ಹೇಗೋ ತೆಳ್ಳಗೆ ಗೂಡು ಸುತ್ತಿಕೊಂಡಿದ್ದವು. ಅವಳು ಈಳಿಗೆ ಎಳೆದುಕೊಂಡಳು.

"ಅತ್ತೆ, ಗೂಡು ಕೊಯ್ತೀರಾ? ದಾರ ಹಾಳಾಗುತ್ತೆ," ಎಂದಳು ಜುರಿ.

"ಆಗ್ಲಿ."

ಸಾಸಿವೆ ಎಣ್ಣೆಯಲ್ಲಿ ಶುಂಠಿ, ಉಪ್ಪು ಹಾಕಿ ಗರಿಗರಿಯಾಗಿ ಹುರಿದಳು. ಕಂಚಿನ ಬಟ್ಟಲಲ್ಲಿ ತಂದು ಮೈದುನನ ಮುಂದಿಟ್ಟಳು. ದಂಬರುವಿನ ಮುಖ ಅರಳಿತು.

"ತಿನ್ನು. ಬೇಲಿ ಪಕ್ಕದ ಮರದ್ದು."

ಅವನ ಕೈ ಬಟ್ಟಲಿನ ಅಂಚಿಗೇ ನಿಂತಿತು. "ಬೇಲಿ ಪಕ್ಕದ್ದಾ?"

"ಯಾಕೆ? ಬರೀ ಮೈಲಿಗೆ ತಾನೆ? ಕಾದ ಎಣ್ಣೇಲಿ ಮೈಲಿಗೆ ಉಳಿಯುತ್ತಾ?"

"ಹಾಗಲ್ಲ ಅತ್ತಿಗೆ. ಬೆಳಗಿಂದ ಹೊಟ್ಟೆ ಸರಿಯಿಲ್ಲ."

"ಈಗ ತಾನೆ ನಿನ್ನ ಪಾಲು ಕೇಳ್ದೆ."

ತಮ್ಮನ ಮಾನ ಕಾಯುವುದೇ ಜನ್ಮದ ಕೆಲಸವೆಂದುಕೊಂಡ ತಿಲೇಶ್ವರ ಬಟ್ಟಲನ್ನು ತನ್ನತ್ತ ಎಳೆದುಕೊಂಡ. "ಬೇಡ ಅಂದ್ರೆ ಬಿಡೇ, ಅವನ ಪಾಲು ನಾನು ತಿಂತೀನಿ," ಎಂದು ಒಂದನ್ನು ಎತ್ತಿ ಬಾಯಿಗೆ ಒಯ್ದ.

ದಂಬರು ಅವನ ಮಣಿಕಟ್ಟು ಹಿಡಿದುಬಿಟ್ಟ.

"ತಿನ್ಬೇಡ ಅಣ್ಣ."

ಹುರಿದ ಹುಳ ತಿಲೇಶ್ವರನ ಬೆರಳಿನಿಂದ ನೆಲಕ್ಕೆ ಬಿತ್ತು. ಅವನು ತನ್ನ ಮಣಿಕಟ್ಟನ್ನು ಹಿಡಿದ ಆ ಕೈಯನ್ನೇ ನೋಡುತ್ತಿದ್ದ. ದಂಬರು ಕೈ ಸಡಿಲಿಸಲೂ ಇಲ್ಲ, ಮುಖ ಎತ್ತಲೂ ಇಲ್ಲ. ಹಿತ್ತಲಲ್ಲಿ ಎರಿ ಹುಳಗಳು ಮೇಯುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

ರೂಪೇಶ್ವರಿ ಬಟ್ಟಲನ್ನು ಎತ್ತಿಕೊಂಡು ಹೋಗಿ, ಸತ್ತ ಹುಳಗಳ ಬುಟ್ಟಿಗೆ ಸುರಿದು ಬಂದಳು. ಜುರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಜುರಿ, ಆ ಗಂಟು ಬಿಚ್ಚಿಡಮ್ಮ."

ಜುರಿ ಬಾಗಿಲ ಬಳಿಯ ಗಂಟನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ನೀವೇ ಬಿಚ್ಚಿ ಅತ್ತೆ," ಎಂದು ಹೇಳಿ ಹಿತ್ತಲಿಗೆ ನಡೆದಳು.

ಗಂಟು ಬಿಗಿಯಾಗಿತ್ತು. ರೂಪೇಶ್ವರಿ ಹೊಸ್ತಿಲ ಮುಂದೆ ಮೊಣಕಾಲೂರಿ, ಎಷ್ಟು ತೊಳೆದರೂ ನಾತ ಬಿಡದ ಬೆರಳುಗಳಿಂದ ಅದನ್ನು ಬಿಚ್ಚತೊಡಗಿದಳು.