ನೀರು ಹಾಕದ ಕುಂಡ

ವಿಜಯನಗರದ ವೆಂಕಟಗಿರಿಯವರು ಹೆಂಡತಿಯ ಜೊತೆಗಿಂತ ಮಹಡಿಯ ಮೇಲಿನ ಎರಡು ಕುಂಡಗಳ ಜೊತೆಗೇ ಹೆಚ್ಚು ಹೊತ್ತು ಕಳೆಯುತ್ತಿದ್ದರು. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಹಡಿಗೆ ಬಂದವರಿಗೆ ನಾಲ್ಕು ಮಾತು ತಿಳಿಸಿ ಹೇಳಬಹುದಿತ್ತು. ಹೇಳುತ್ತಿದ್ದದ್ದು ಒಂದೇ, "ಮುಟ್ಬೇಡಿ."

ಕುಂಡದಲ್ಲಿದ್ದದ್ದು ಸೆರೋಪೀಜಿಯಾ. ಎಷ್ಟೋ ನರ್ಸರಿಯವರೂ ಕೇಳಿರದ ಹೆಸರು. ದಾರದಂಥ ಬಳ್ಳಿ, ಬೆರಳುದ್ದದ ಹೂವು, ನೋಡಿದರೆ ಪುಟ್ಟ ಕಂದೀಲು. ಹೂವಿನ ಕೊಳವೆಯೊಳಗೆ ಕೆಳಮುಖವಾಗಿ ರೋಮಗಳಿರುತ್ತವೆ. ಒಳಗೆ ಜಾರಿದ ಸಣ್ಣ ನೊಣ ಹೊರಬರಲಾರದು. ಒಂದೆರಡು ದಿನಕ್ಕೆ ರೋಮ ಬಾಡುತ್ತದೆ, ನೊಣ ಪರಾಗ ಹೊತ್ತು ಹಾರಿಹೋಗುತ್ತದೆ. ಇದನ್ನು ಕಲ್ಲುಮರಳಿನಲ್ಲಿ ನೆಡಬೇಕು, ಗೊಬ್ಬರ ಸುರಿಯಬಾರದು. ಚಳಿಗಾಲ ಬಂತೆಂದರೆ ಬಳ್ಳಿ ಒಣಗಿ ಮಾಯ. ಗೆಡ್ಡೆ ಮಾತ್ರ ಮಣ್ಣಿನಡಿ ಮಲಗಿರುತ್ತದೆ. ಆಗ ನೀರು ಹಾಕಿದರೆ ಕೊಳೆತೇ ಹೋಗುತ್ತದೆ.

ಹನ್ನೊಂದು ವರ್ಷದ ಹಿಂದೆ ಬ್ಯಾಡರಹಳ್ಳಿ ಆಚೆಯ ಬಂಡೆಗುಡ್ಡದಿಂದ ಎರಡು ಗೆಡ್ಡೆ ತಂದಿದ್ದರು. ಮರುವರ್ಷ ಗುಡ್ಡಕ್ಕೆ ಸಿಡಿಮದ್ದು ಇಟ್ಟರು. ಈಗ ಅಲ್ಲಿ ಸೈಟುಗಳು. ಆ ಗುಡ್ಡದ ಸಂತಾನವೆಂದು ಉಳಿದದ್ದು ಇವೆರಡೇ. ತಂತಮ್ಮ ಪರಾಗದಿಂದ ಇವು ಕಾಯಿ ಕಟ್ಟುತ್ತಿರಲಿಲ್ಲ. ಎರಡೂ ಒಟ್ಟಿಗೆ ಅರಳಬೇಕು, ಅವೋ ಹಟಕ್ಕೆ ಬಿದ್ದಂತೆ ತಿಂಗಳ ಅಂತರದಲ್ಲಿ ಅರಳುತ್ತಿದ್ದವು. ಈ ವರ್ಷ ಮೇಷ್ಟ್ರು ಒಂದು ಉಪಾಯ ಹೂಡಿದರು. ಬೇಗ ಅರಳುವ ಗೆಡ್ಡೆಯನ್ನು ಮಳೆ ತಾಗದಂತೆ ಶೀಟಿನ ಕೆಳಗೆ ಒಣಗಿಸಿಟ್ಟು, ಒಂದು ತಿಂಗಳು ತಡವಾಗಿ ಎಬ್ಬಿಸುವುದು. ಹೀಗಾದರೆ ಎರಡಕ್ಕೂ ಒಂದೇ ಸಲ ಹೂವು, ಆಮೇಲೆ ಬೀಜ.

ಉಪಾಯವೇನೋ ಸರಿ. ಅದನ್ನು ಮನೆಯವರಿಗೆ ಹೇಳಬೇಕೆಂದು ಮಹಾನುಭಾವರಿಗೆ ತೋಚಲಿಲ್ಲ. ಹಿಂದೊಮ್ಮೆ ಹೆಂಡತಿ ಅನಂತಲಕ್ಷ್ಮಿ, ಪಾಪ ಒಣಗಿದೆಯಲ್ಲ ಎಂದು ಅಕ್ಕಿ ತೊಳೆದ ನೀರು ಸುರಿದಾಗ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದರು. ಅಂದಿನಿಂದ ಆಕೆ ಆ ಕುಂಡಗಳ ಸುದ್ದಿ ಎತ್ತುತ್ತಿರಲಿಲ್ಲ. ಬಾದಾಮಿ ಕಡೆಯಿಂದ ಬಂದು ಬಾಪೂಜಿ ನಗರದಲ್ಲಿ ನೆಲೆಸಿದ್ದ ಮನೆಗೆಲಸದ ಭಾಗವ್ವನಿಗೂ ಇಷ್ಟೇ ಅಪ್ಪಣೆ: "ಆ ಒಣ ಕುಂಡಕ್ಕೆ ನೀರು ಹಾಕ್ಬೇಡ."

ಜೂನ್‌ನಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎಂಟು ದಿನ ಮೆಟ್ಟಿಲು ಹತ್ತದಂತೆ ಅನಂತಲಕ್ಷ್ಮಿ ಕಾವಲು ಕೂತರು. ಒಂಬತ್ತನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಮೇಲೆ ಹೋದರು. ಮಳೆ ನೀರು ಕುಡಿದ ಇನ್ನೊಂದು ಕುಂಡದ ಬಳ್ಳಿ ಕಡ್ಡಿ ಹಿಡಿದು ಹಬ್ಬಿತ್ತು. ಶೀಟಿನ ಕೆಳಗಿನ ಕುಂಡದಲ್ಲಿ ದೊಡ್ಡಪತ್ರೆ ನಿಂತಿತ್ತು.

ದೊಡ್ಡಪತ್ರೆ ಕಿತ್ತು ತಳದವರೆಗೂ ಕೆದಕಿದರು. ಕೆಳಗೆ ಬಂದಾಗ ಉಗುರಿನ ತುಂಬ ಮಣ್ಣು.

"ದೊಡ್ಡಪತ್ರೆ ನೆಡೋಕೆ ಭಾಗವ್ವಂಗೆ ನಾನೇ ಹೇಳ್ದೆ ಕಣ್ರೀ," ಎಂದರು ಅನಂತಲಕ್ಷ್ಮಿ. "ನೀರೇ ಬೇಡ ಅಂದಿದ್ರಂತೆ. ಇನ್ನೊಂದು ಚಿಗುರಿದ್ರೂ ಇದು ಚಿಗುರಲಿಲ್ಲ, ಸತ್ತೋಗಿದೆ ಅಂದ್ಕೊಂಡೆ. ಕುಂಡ ಸುಮ್ನೆ ಯಾಕೆ ಅಂತ..."

ಅಷ್ಟರಲ್ಲಿ ಭಾಗವ್ವ ಅಡುಗೆಮನೆಯಿಂದ ಬಂದಳು. ಮುಖದಲ್ಲಿ ಎಂದೂ ಕಾಣದ ಸಂಭ್ರಮ.

"ಸರ್ರ, ಅದರಾಗ ಗಡ್ಡಿ ಇತ್ರಿ! ನಮ್ಮೂರ ಹೊಲದ ಬದುವಿನ್ಯಾಗ ಸಿಗತಿತ್ತು. ಸಣ್ಣಾಕಿ ಇದ್ದಾಗ ನಮ್ಮವ್ವ ಅಗದು ಕೊಡತಿದ್ಲು. ಎಷ್ಟ್ ವರ್ಷ ಆಗಿತ್ತು ನೋಡ್ರಿ! ಅರ್ಧಾ ನಾ ತಿಂದೆ. ಅರ್ಧಾ ನಿಮಗಂತ ಫ್ರಿಜ್ಜಿನ್ಯಾಗ ಇಟ್ಟೀನ್ರಿ."

ಹೋಗಿ ತಂದು ಮುಂದಿಟ್ಟಳು. ಸಿಪ್ಪೆ ಹೆರೆದ ನಾಲ್ಕು ಬಿಳಿ ಹೋಳು, ಸ್ಟೀಲ್ ಬಟ್ಟಲಲ್ಲಿ. ವೆಂಕಟಗಿರಿಯವರಿಗೆ ಸಿಟ್ಟು ನೆತ್ತಿಗೇರಿತು. ಕೂಗಲು ಬಾಯಿ ತೆರೆದರು. ಅವಳು ತನ್ನ ಪಾಲಿನಲ್ಲಿ ಅರ್ಧ ಎತ್ತಿಟ್ಟು, ಅವರು ತಿನ್ನುವುದನ್ನು ನೋಡಲು ಕಾದು ನಿಂತಿದ್ದಳು. ತೆರೆದ ಬಾಯಿಗೆ ಒಂದು ಹೋಳು ಇಟ್ಟು ಅಗಿದರು.

"ಹೆಂಗೈತ್ರಿ?"

"ಸಿಹಿ ಇದೆ ಕಣಮ್ಮ."

"ಹೌದಲ್ರಿ!" ಭಾಗವ್ವ ಹಿಗ್ಗಿಹೋದಳು. "ಆ ಇನ್ನೊಂದು ಕುಂಡದಾಗೂ ಐತೇನ್ರಿ?"

ವೆಂಕಟಗಿರಿಯವರು ಕುರ್ಚಿಯಲ್ಲಿ ಕುಸಿದರು. "ಇದೆ. ಕೂತ್ಕೋ, ಹೇಳ್ತೀನಿ," ಎಂದರು. ಗುಡ್ಡ, ಸಿಡಿಮದ್ದು, ಎರಡೇ ಗೆಡ್ಡೆ, ಇನ್ನು ಎಂದೂ ಕಟ್ಟದ ಕಾಯಿ, ಎಲ್ಲವನ್ನೂ ಹೇಳಿದರು. ಹನ್ನೊಂದು ವರ್ಷದಲ್ಲಿ ಯಾರಿಗೂ ಅಷ್ಟು ಹೇಳಿರಲಿಲ್ಲ.

ಕೇಳುತ್ತ ಕೇಳುತ್ತ ಭಾಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೊದ್ಲ ಒಂದ್ ಮಾತ ಹೇಳಬಾರದೇನ್ರಿ, ಸರ್ರ?"